4 ಮೀಟರ್ ಸ್ಲ್ಯಾಬ್: ಸಾಫ್ಟ್‌ವೇರ್‌ನಲ್ಲಿ ಬಾಗು 3.4 ಮಿ.ಮೀ., ಪರಿಶೀಲಕರ ಷರಾದಲ್ಲಿ 16ಕ್ಕೂ ಹೆಚ್ಚು. ಯಾವುದು ಸರಿ?

ಪ್ರಶ್ನೆ — ತುಮಕೂರಿನ ಹೊಸಬ

ಎಲ್ಲರಿಗೂ ನಮಸ್ಕಾರ. ನಾನು ಸಿವಿಲ್ ಪದವಿ ಮುಗಿಸಿ ಎರಡು ವರ್ಷಗಳಿಂದ ಒಂದು ಸಣ್ಣ ವಿನ್ಯಾಸ ಕಚೇರಿಯಲ್ಲಿ ಕೆಲಸ ಮಾಡುತ್ತಿದ್ದೇನೆ. ಒಂದು ಮನೆಯ ಮೊದಲ ಮಹಡಿಯ ಹಾಲ್‌ಗೆ ಸ್ಲ್ಯಾಬ್ ವಿನ್ಯಾಸ ಮಾಡಿದ್ದೆ. ಹಾಲ್ 9 ಮೀಟರ್ ಉದ್ದವಿದ್ದು, ಸ್ಲ್ಯಾಬ್ ಎರಡು ಉದ್ದದ ಗೋಡೆಗಳ ಮೇಲೆ ಮಾತ್ರ ಕೂರುತ್ತದೆ. ಗಿಡ್ಡ ಬದಿಗಳಲ್ಲಿ ಒಂದು ಕಡೆ ಮೆಟ್ಟಿಲ ತೆರಪು, ಇನ್ನೊಂದು ಕಡೆ ಪೂರ್ತಿ ಗಾಜು ಇರುವುದರಿಂದ ಅಲ್ಲಿ ಗೋಡೆಯೂ ಇಲ್ಲ, ತೊಲೆಯೂ ಇಲ್ಲ. ಪಕ್ಕದಲ್ಲಿ ಮುಂದುವರಿಯುವ ಬೇರೆ ಸ್ಲ್ಯಾಬ್ ಕೂಡ ಇಲ್ಲದಿರುವುದರಿಂದ ಇದು ಒಂದೇ ದಿಕ್ಕಿನಲ್ಲಿ ಬಾಗುವ, ಸಿಂಪ್ಲಿ ಸಪೋರ್ಟೆಡ್ (ಎರಡು ಅಂಚುಗಳ ಮೇಲೆ ಬಿಗಿತವಿಲ್ಲದೆ ಕೂತ) ಸ್ಲ್ಯಾಬ್. ಪರಿಣಾಮಕಾರಿ ಸ್ಪ್ಯಾನ್ (ಆಧಾರಗಳ ನಡುವೆ ಲೆಕ್ಕಕ್ಕೆ ಹಿಡಿಯುವ ಅಂತರ) 4 ಮೀಟರ್.

ದಪ್ಪ 150 ಮಿ.ಮೀ., ಕಾಂಕ್ರೀಟ್ ಎಂ 25 ದರ್ಜೆ, ಕಂಬಿ ಎಫ್‌ಇ 500 ದರ್ಜೆ, ಕೆಳಗಡೆ 10 ಮಿ.ಮೀ. ಕಂಬಿಯನ್ನು 150 ಮಿ.ಮೀ. ಅಂತರದಲ್ಲಿ ಕೊಟ್ಟಿದ್ದೇನೆ, ಕವರ್ 20 ಮಿ.ಮೀ. ಸ್ವಂತ ಭಾರ ಚದರ ಮೀಟರಿಗೆ 3.75 ಕಿಲೋನ್ಯೂಟನ್, ನೆಲಹಾಸು ಮತ್ತು ಗಿಲಾವಿಗೆ 1.5, ಲೈವ್ ಲೋಡ್ (ಜನ, ಸಾಮಾನಿನ ಭಾರ) 2, ಒಟ್ಟು 7.25. ಬಲದ ಲೆಕ್ಕದಲ್ಲಿ ಯಾವ ತೊಂದರೆಯೂ ಇಲ್ಲ: ಬೇಕಾದ ಫ್ಯಾಕ್ಟರ್ಡ್ ಮೊಮೆಂಟ್ (ಸುರಕ್ಷತೆಗಾಗಿ ಭಾರವನ್ನು ಒಂದೂವರೆ ಪಟ್ಟು ಹಿಡಿದಾಗ ಸ್ಲ್ಯಾಬನ್ನು ಬಾಗಿಸುವ ಪರಿಣಾಮ) 21.75 ಕಿಲೋನ್ಯೂಟನ್ ಮೀಟರ್, ಸ್ಲ್ಯಾಬಿನ ತಾಳಿಕೆ ಸುಮಾರು 26.

ಇದನ್ನೇ ಇಟ್ಯಾಬ್ಸ್ ಎಂಬ ಕಟ್ಟಡ ವಿನ್ಯಾಸದ ಸಾಫ್ಟ್‌ವೇರ್‌ನಲ್ಲಿ ಶೆಲ್ (ಹಾಳೆಯಂಥ ಅಂಶ) ಆಗಿ ಮಾಡೆಲ್ ಮಾಡಿ ಸರ್ವಿಸ್ ಲೋಡ್ (ಬಳಕೆಯಲ್ಲಿ ಬರುವ ಭಾರ) ಹಾಕಿ ನೋಡಿದಾಗ ನಟ್ಟನಡುವಿನ ಡಿಫ್ಲೆಕ್ಷನ್, ಅಂದರೆ ಬಾಗು, 3.4 ಮಿ.ಮೀ. ಬಂತು. ಕಾಂಕ್ರೀಟ್ ವಿನ್ಯಾಸದ ಭಾರತೀಯ ಸಂಹಿತೆ ಐಎಸ್ 456ರ ಪ್ರಕಾರ ಮಿತಿ ಸ್ಪ್ಯಾನಿನ 250ನೇ ಒಂದು ಭಾಗ, ಅಂದರೆ 16 ಮಿ.ಮೀ. ಹಾಗಾಗಿ ನಿಶ್ಚಿಂತೆಯಿಂದ ನಕ್ಷೆ ಕಳಿಸಿದೆ. ಆದರೆ ಪರಿಶೀಲನೆ ಮಾಡಿದ ಹಿರಿಯ ಎಂಜಿನಿಯರರು "ದೀರ್ಘಕಾಲದ ಬಾಗು 16 ಮೀರುತ್ತದೆ, ದಪ್ಪ ಪುನರ್ ಪರಿಶೀಲಿಸಿ" ಎಂದು ಕೆಂಪು ಶಾಯಿಯಲ್ಲಿ ಷರಾ ಬರೆದು ಹಿಂದಿರುಗಿಸಿದ್ದಾರೆ. 3.4 ಎಲ್ಲಿ, 16 ಎಲ್ಲಿ? ಒಂದೂವರೆ ಪಟ್ಟು ವ್ಯತ್ಯಾಸವಾಗಿದ್ದರೆ ಅರ್ಥವಾಗುತ್ತಿತ್ತು. ಐದು ಪಟ್ಟು ಹೇಗೆ ಸಾಧ್ಯ? ಸಾಫ್ಟ್‌ವೇರ್ ತಪ್ಪೇ, ನಾನು ತಪ್ಪೇ, ಇಲ್ಲವೇ ಅವರು ಅತಿ ಎಚ್ಚರಿಕೆ ವಹಿಸುತ್ತಿದ್ದಾರೆಯೇ? ಬಲ್ಲವರು ದಯವಿಟ್ಟು ಬಿಡಿಸಿ ಹೇಳಬೇಕು.

ಉತ್ತರ — ಕಂಬಿಲೆಕ್ಕ, ಹುಬ್ಬಳ್ಳಿ

ಸಾಫ್ಟ್‌ವೇರ್ ತಪ್ಪು ಮಾಡಿಲ್ಲ. ನೀವು ಕೇಳಿದ ಪ್ರಶ್ನೆಗೆ ಅದು ಸರಿಯಾಗಿಯೇ ಉತ್ತರ ಕೊಟ್ಟಿದೆ. ಆದರೆ ನಿಮ್ಮ ಪ್ರಶ್ನೆ "ಬಿರುಕೇ ಬಿಡದ, ವಯಸ್ಸೇ ಆಗದ ಸ್ಲ್ಯಾಬ್ ಎಷ್ಟು ಬಾಗುತ್ತದೆ" ಎಂಬುದಾಗಿತ್ತು. ನೀವು ಓಡಿಸಿದ್ದು ಲೀನಿಯರ್ ಅನಾಲಿಸಿಸ್. ಅದರಲ್ಲಿ ಪೂರ್ತಿ 150 ಮಿ.ಮೀ. ದಪ್ಪದ ಗ್ರಾಸ್ ಸೆಕ್ಷನ್ (ಬಿರುಕಿಲ್ಲದ ಇಡೀ ಅಡ್ಡಕೊಯ್ತ) ಕೆಲಸ ಮಾಡುತ್ತದೆ ಎಂದೂ, ಕಾಂಕ್ರೀಟಿನ ಎಲಾಸ್ಟಿಕ್ ಮಾಡ್ಯುಲಸ್ (ಬಿಗುವಿನ ಅಳತೆ) 25000 ಆಗಿಯೇ ಉಳಿಯುತ್ತದೆ ಎಂದೂ ಲೆಕ್ಕ. ಕಾಗದದ ಮೇಲೆ ಐದನ್ನು 384ರಿಂದ ಭಾಗಿಸುವ ಹಳೆಯ ಸೂತ್ರ ಹಾಕಿ ನೋಡಿ, ಮೊಮೆಂಟ್ ಆಫ್ ಇನರ್ಷಿಯಾ (ಅಡ್ಡಕೊಯ್ತದ ಆಕಾರ ಬಾಗನ್ನು ಎಷ್ಟು ತಡೆಯುತ್ತದೆ ಎಂಬ ಅಳತೆ) 28.1 ಕೋಟಿ ಇಟ್ಟರೆ ನಿಮ್ಮ 3.44 ಮಿ.ಮೀ. ಅಚ್ಚುಕಟ್ಟಾಗಿ ಬರುತ್ತದೆ. ಇದಕ್ಕೆ ಸಾಫ್ಟ್‌ವೇರ್ ಬೇಕಾಗಿಯೇ ಇರಲಿಲ್ಲ.

ಈಗ ಐಎಸ್ 456ರಲ್ಲಿ ಬಾಗಿನ ಲೆಕ್ಕ ಹೇಳುವ ಅನುಬಂಧ ಸಿ ಪ್ರಕಾರ ನಾನು ಮಾಡಿದ ಲೆಕ್ಕ ನೋಡಿ. ಪ್ರತಿ ಮೀಟರ್ ಅಗಲಕ್ಕೆ ಹೇಳುತ್ತಿದ್ದೇನೆ. ಎಂ 25 ಕಾಂಕ್ರೀಟಿನ ಬಾಗುವಿಕೆಯ ಎಳೆತದ ಬಲ 0.7 ಗುಣಿಸು ವರ್ಗಮೂಲ 25, ಅಂದರೆ 3.5. ಇದರಿಂದ ಬರುವ ಕ್ರ್ಯಾಕಿಂಗ್ ಮೊಮೆಂಟ್ (ಬಿರುಕು ಶುರುವಾಗುವ ಮೊಮೆಂಟ್) 13.1 ಕಿಲೋನ್ಯೂಟನ್ ಮೀಟರ್. ನಿಮ್ಮ ಸರ್ವಿಸ್ ಲೋಡಿನ ಮೊಮೆಂಟ್ 14.5. ಎಂದರೆ ಸ್ಲ್ಯಾಬ್ ಬಿರುಕು ಬಿಡುತ್ತದೆ. ಬಿರುಕು ಬಿಟ್ಟ ಸೆಕ್ಷನ್ನಿನಲ್ಲಿ ನ್ಯೂಟ್ರಲ್ ಆಕ್ಸಿಸ್ (ಒತ್ತುವಿಕೆಯೂ ಎಳೆತವೂ ಇಲ್ಲದ ಗೆರೆ) ಮೇಲಿನಿಂದ 28.4 ಮಿ.ಮೀ. ಆಳದಲ್ಲಿ ನಿಲ್ಲುತ್ತದೆ, ಅದರ ಮೊಮೆಂಟ್ ಆಫ್ ಇನರ್ಷಿಯಾ ಕೇವಲ 4.67 ಕೋಟಿ, ಗ್ರಾಸ್ ಸೆಕ್ಷನ್ನಿನ ಆರನೇ ಒಂದು ಭಾಗ. ಅನುಬಂಧ ಸಿ ಕೊಡುವ ಸೂತ್ರದಿಂದ ಎಫೆಕ್ಟಿವ್ ಬೆಲೆ 8.43 ಕೋಟಿ ಸಿಗುತ್ತದೆ, ಗ್ರಾಸಿನ ಶೇಕಡ 30. ಇದನ್ನು ಇಟ್ಟರೆ ತಕ್ಷಣದ ಡಿಫ್ಲೆಕ್ಷನ್ 11.5 ಮಿ.ಮೀ. ಆಗುತ್ತದೆ.

ಅದರ ಮೇಲೆ ಕಾಂಕ್ರೀಟ್ ಒಣಗುತ್ತಾ ಆಗುವ ಕುಗ್ಗುವಿಕೆ ಇದೆ. ಕುಗ್ಗುವಿಕೆಯ ಸ್ಟ್ರೇನ್ 0.0003 ಹಿಡಿದು, ಸಿಂಪ್ಲಿ ಸಪೋರ್ಟೆಡ್ ಗುಣಾಂಕ 0.125 ಹಾಕಿದರೆ 1.9 ಮಿ.ಮೀ. ಕ್ರೀಪ್‌ಗೆ (ಸತತ ಭಾರದಡಿ ನಿಧಾನವಾಗಿ ಹೆಚ್ಚುವ ಬಾಗಿಗೆ) ಬಂದರೆ, 28 ದಿನಕ್ಕೆ ಭಾರ ಹೊರಿಸುವ ಸ್ಲ್ಯಾಬಿಗೆ ಐಎಸ್ 456 ಕೊಡುವ ಕ್ರೀಪ್ ಗುಣಾಂಕ 1.6, ಹೀಗಾಗಿ ದೀರ್ಘಕಾಲದ ಮಾಡ್ಯುಲಸ್ 25000ದಿಂದ 9615ಕ್ಕೆ ಇಳಿಯುತ್ತದೆ. ಸ್ಥಿರ ಭಾರಕ್ಕೆ ಲೈವ್ ಲೋಡಿನ ಕಾಲುಭಾಗವನ್ನು ಸೇರಿಸಿ 5.75 ಎಂದು ಹಿಡಿದೆ. ಸ್ಲ್ಯಾಬ್ ಒಮ್ಮೆ ಪೂರ್ತಿ ಭಾರಕ್ಕೆ ಬಿರುಕು ಬಿಟ್ಟಿರುತ್ತದೆ ಎಂಬ ಕಾರಣಕ್ಕೆ ಬಿರುಕಿನ ಪ್ರಮಾಣವನ್ನು ಪೂರ್ತಿ ಭಾರದ್ದೇ ಇಟ್ಟುಕೊಂಡೆ. ಕ್ರೀಪಿನಿಂದ 4.3 ಮಿ.ಮೀ. ಸೇರುತ್ತದೆ. ಒಟ್ಟು 17.6. ನಿಮ್ಮ ಪರಿಶೀಲಕರ ಷರಾ ಸರಿಯಾಗಿದೆ.

ಇನ್ನೊಂದು ಮಿತಿಯನ್ನು ನೀವು ಹೇಳಲೇ ಇಲ್ಲ. ಗೋಡೆ, ನೆಲಹಾಸು ಎಲ್ಲ ಆದ ಮೇಲೆ ಆಗುವ ಬಾಗು ಸ್ಪ್ಯಾನಿನ 350ನೇ ಒಂದು ಭಾಗ ಅಥವಾ 20 ಮಿ.ಮೀ., ಇವೆರಡರಲ್ಲಿ ಕಡಿಮೆಯದನ್ನು ಮೀರಬಾರದು. ಇಲ್ಲಿ ಅದು 11.4. ಸ್ವಂತ ಭಾರದಿಂದ ಮಾತ್ರ ಆಗುವ ತಕ್ಷಣದ ಬಾಗು 1.8 ಮಿ.ಮೀ. ಕಳೆದರೂ ಉಳಿಯುವುದು 15.8. ಮೊದಲನೆಯ ಮಿತಿಯನ್ನು ಕೂದಲೆಳೆಯಲ್ಲಿ ತಪ್ಪಿದ ಸ್ಲ್ಯಾಬ್ ಎರಡನೆಯದರಲ್ಲಿ ಚೆನ್ನಾಗಿಯೇ ಬಿದ್ದಿದೆ. ಟೈಲ್ಸ್ ಸಂದಿ ಬಿಡುವುದು, ಗಾಜಿನ ಚೌಕಟ್ಟು ಬಿಗಿಯುವುದು ಇವೆಲ್ಲ ಈ ಎರಡನೆಯ ಅಂಕಿಯಿಂದಲೇ ಆಗುವಂಥವು.

ಒಂದು ಮಾತು ಕೇಳುತ್ತೇನೆ, ತಪ್ಪು ತಿಳಿಯಬೇಡಿ. ಈ 150 ಮಿ.ಮೀ. ಎಲ್ಲಿಂದ ಬಂತು?

ಉತ್ತರ — ತುಮಕೂರಿನ ಹೊಸಬ

ಧನ್ಯವಾದಗಳು ಸರ್, ಇಷ್ಟು ವಿವರವಾಗಿ ಲೆಕ್ಕ ಮಾಡಿ ತೋರಿಸಿದ್ದಕ್ಕೆ. ನಮ್ಮ ಕಚೇರಿಯಲ್ಲಿ ಎಲ್ಲರೂ ಬಳಸುವ ಒಂದು ರೂಢಿ ಇದೆ: ಸಿಂಪ್ಲಿ ಸಪೋರ್ಟೆಡ್ ಸ್ಲ್ಯಾಬಿಗೆ ಸ್ಪ್ಯಾನ್ ಭಾಗಿಸು 28, ಮುಂದುವರಿಯುವ ಸ್ಲ್ಯಾಬಿಗೆ ಭಾಗಿಸು 32. 4000ವನ್ನು 28ರಿಂದ ಭಾಗಿಸಿದರೆ 143, ಅದನ್ನು 150 ಮಾಡಿದೆ. ಇದು ಐಎಸ್ 456ರಲ್ಲೇ ಇದೆ ಎಂದು ನನಗೆ ಹೇಳಿಕೊಟ್ಟಿದ್ದರು.

ಉತ್ತರ — ಕಂಬಿಲೆಕ್ಕ, ಹುಬ್ಬಳ್ಳಿ

ಇದೆ, ಆದರೆ ನಿಮ್ಮ ಸ್ಲ್ಯಾಬಿಗಲ್ಲ. ಅದು 24.1ನೇ ಕಲಮಿನ ಟಿಪ್ಪಣಿ. ಎರಡು ದಿಕ್ಕಿನ ಸ್ಲ್ಯಾಬಿಗೆ, ಗಿಡ್ಡ ಸ್ಪ್ಯಾನ್ 3.5 ಮೀಟರ್ ಒಳಗಿದ್ದಾಗ, ಲೈವ್ ಲೋಡ್ 3 ಕಿಲೋನ್ಯೂಟನ್ ಮೀರದಿದ್ದಾಗ, ಮೈಲ್ಡ್ ಸ್ಟೀಲ್ ಕಂಬಿಗೆ ಒಟ್ಟು ದಪ್ಪದ ಅನುಪಾತ 35 ಮತ್ತು 40; ಎಫ್‌ಇ 415 ಕಂಬಿಯಾದರೆ ಅವನ್ನು 0.8ರಿಂದ ಗುಣಿಸಬೇಕು, ಆಗ 28 ಮತ್ತು 32. ನಿಮ್ಮ ಸ್ಲ್ಯಾಬ್ ಒಂದೇ ದಿಕ್ಕಿನದು, ಸ್ಪ್ಯಾನ್ 4 ಮೀಟರ್, ಕಂಬಿ ಎಫ್‌ಇ 500. ಷರತ್ತುಗಳಲ್ಲಿ ಲೈವ್ ಲೋಡ್ ಒಂದನ್ನು ಬಿಟ್ಟರೆ ಉಳಿದ ಯಾವುದೂ ಹೊಂದುವುದಿಲ್ಲ. ಈ ಟಿಪ್ಪಣಿಯಷ್ಟು ಅನ್ಯಾಯವಾಗಿ ಬಳಕೆಯಾಗುವ ಮತ್ತೊಂದು ಸಾಲು ಆ ಪುಸ್ತಕದಲ್ಲಿ ಇದೆಯೋ ಇಲ್ಲವೋ, ನಾನಂತೂ ಕಂಡಿಲ್ಲ.

ನಿಮಗೆ ಅನ್ವಯಿಸುವುದು 23.2.1. ಮೂಲ ಅನುಪಾತ 20, ಅದೂ ಒಟ್ಟು ದಪ್ಪಕ್ಕಲ್ಲ, ಎಫೆಕ್ಟಿವ್ ಡೆಪ್ತ್‌ಗೆ (ಮೇಲ್ಮೈಯಿಂದ ಕಂಬಿಯ ನಡುವಿನವರೆಗಿನ ಆಳಕ್ಕೆ). ನಿಮ್ಮ ಕಂಬಿ ಶೇಕಡ 0.42, ಬೇಕಾದ ಕಂಬಿ 430 ಚದರ ಮಿ.ಮೀ., ಕೊಟ್ಟಿರುವುದು 524. ಕಂಬಿಯ ಸರ್ವಿಸ್ ಒತ್ತಡ 238 ಬರುತ್ತದೆ, ನಕ್ಷೆ 4ರಿಂದ ತಿದ್ದುಪಡಿ ಗುಣಾಂಕ ಸುಮಾರು 1.32. ಅನುಮತಿ ಇರುವುದು 26.5, ನಿಮ್ಮದು 4000 ಭಾಗಿಸು 125, ಅಂದರೆ 32. ಎರಡು ನಿಮಿಷದ ಈ ಪರೀಕ್ಷೆಯನ್ನು ಮೊದಲು ಮಾಡಿದ್ದರೆ ಇಟ್ಯಾಬ್ಸ್ ತೆರೆಯುವ ಮುಂಚೆಯೇ ಗೊತ್ತಾಗುತ್ತಿತ್ತು.

ಉತ್ತರ — ತುಮಕೂರಿನ ಹೊಸಬ

ಅರ್ಥವಾಯಿತು ಸರ್. ಆದರೂ ಸಾಫ್ಟ್‌ವೇರ್‌ನಲ್ಲಿಯೇ ಬಿರುಕು ಮತ್ತು ಕ್ರೀಪ್ ಸೇರಿಸಿ ನೋಡಬೇಕೆಂದು ನಿನ್ನೆ ಸಂಜೆ ಸೇಫ್ ಎಂಬ ಸ್ಲ್ಯಾಬ್ ವಿನ್ಯಾಸದ ಸಾಫ್ಟ್‌ವೇರ್‌ನಲ್ಲಿ ಮತ್ತೆ ಮಾಡೆಲ್ ಮಾಡಿದೆ. ಮೊದಲ ಸಲ ಓಡಿಸಿದಾಗ ವಿಪರೀತ ಬಾಗು ಬಂತು. ನೋಡಿದರೆ ಸ್ಲ್ಯಾಬಿನ ಸ್ಟಿಫ್‌ನೆಸ್ ಮಾಡಿಫೈಯರ್ (ಬಿರುಕಿನ ಲೆಕ್ಕಕ್ಕೆ ಬಿಗುವನ್ನು ತಗ್ಗಿಸುವ ಗುಣಕ) 0.25 ಎಂದು ಇತ್ತು. ಅದರ ಮೇಲೆ ಕ್ರ್ಯಾಕ್ಡ್ ಅನಾಲಿಸಿಸ್ ಕೂಡ ಹಾಕಿದ್ದರಿಂದ ಬಿರುಕನ್ನು ಎರಡು ಸಲ ಲೆಕ್ಕ ಹಾಕಿದಂತಾಗಿತ್ತು. ಮಾಡಿಫೈಯರ್‌ಗಳನ್ನು 1ಕ್ಕೆ ತಂದೆ.

ಆಮೇಲೆ ಮೂರು ಲೋಡ್ ಕೇಸ್ ಮಾಡಿದೆ. ಪೂರ್ತಿ ಭಾರಕ್ಕೆ ಅಲ್ಪಕಾಲದ ಕ್ರ್ಯಾಕ್ಡ್ ಕೇಸ್, ಸ್ಥಿರ ಭಾರಕ್ಕೆ ಅಲ್ಪಕಾಲದ ಕ್ರ್ಯಾಕ್ಡ್ ಕೇಸ್, ಸ್ಥಿರ ಭಾರಕ್ಕೆ ಕ್ರೀಪ್ ಗುಣಾಂಕ 1.6 ಮತ್ತು ಕುಗ್ಗುವಿಕೆ 0.0003 ಹಾಕಿದ ದೀರ್ಘಕಾಲದ ಕೇಸ್. ಮೂರನೆಯದಕ್ಕೆ ಮೊದಲನೆಯದನ್ನು ಕೂಡಿಸಿ ಎರಡನೆಯದನ್ನು ಕಳೆದೆ. ಕಂಬಿಯನ್ನು ವಿನ್ಯಾಸದಿಂದ ತೆಗೆದುಕೊಳ್ಳುವ ಬದಲು 10 ಮಿ.ಮೀ. 150 ಅಂತರ ಎಂದು ನಾನೇ ಕೊಟ್ಟೆ. ಬಂದದ್ದು ಸುಮಾರು 10 ಮಿ.ಮೀ. ಅಲ್ಪಕಾಲದ್ದು 5ಕ್ಕಿಂತ ತುಸು ಹೆಚ್ಚು ಮಾತ್ರ. ಈಗ ನನ್ನ ಮುಂದೆ 3.4, 10 ಮತ್ತು 17.6 ಎಂಬ ಮೂರು ಅಂಕಿಗಳಿವೆ. ಈ ಬಾರಿ ಬಿರುಕು, ಕ್ರೀಪ್, ಕುಗ್ಗುವಿಕೆ ಎಲ್ಲವೂ ಇದ್ದಮೇಲೂ ಸಾಫ್ಟ್‌ವೇರ್ ಕೈಲೆಕ್ಕಕ್ಕಿಂತ ಇಷ್ಟು ಕಡಿಮೆ ತೋರಿಸುವುದೇಕೆ? 10ನ್ನು ಪರಿಶೀಲಕರ ಮುಂದಿಟ್ಟು 150 ಮಿ.ಮೀ. ಸಾಕು ಎಂದು ವಾದಿಸಬಹುದೇ?

ಉತ್ತರ — ಪಾಠದ ಮೇಡಂ, ದಾವಣಗೆರೆ

ಕಾಲೇಜಿನಲ್ಲಿ ಕಾಂಕ್ರೀಟ್ ವಿಷಯ ಪಾಠ ಮಾಡುವವಳು ನಾನು, ಹಾಗಾಗಿ ಸ್ವಲ್ಪ ಉದ್ದವಾದರೆ ಕ್ಷಮಿಸಿ. ನಿಮ್ಮ ಪ್ರಶ್ನೆ ಒಳ್ಳೆಯದು, ಮತ್ತು ಮಾಡಿಫೈಯರ್ ತಪ್ಪನ್ನು ನೀವೇ ಹಿಡಿದದ್ದು ಇನ್ನೂ ಒಳ್ಳೆಯದು. ವಾದಿಸಬೇಡಿ ಎಂಬುದು ನನ್ನ ಸಲಹೆ. ಕಾರಣ ಹೇಳುತ್ತೇನೆ.

ನಿಮ್ಮ ಸ್ಲ್ಯಾಬಿನ ಮೊಮೆಂಟ್ 14.5, ಕ್ರ್ಯಾಕಿಂಗ್ ಮೊಮೆಂಟ್ 13.1. ಇವೆರಡೂ ಇಷ್ಟು ಹತ್ತಿರವಿರುವಾಗ ಡಿಫ್ಲೆಕ್ಷನ್ ಎಂಬುದು ಲೆಕ್ಕಕ್ಕಿಂತ ಹೆಚ್ಚಾಗಿ ಊಹೆಯ ಮಾತಾಗುತ್ತದೆ. ಬಿರುಕಿಗೆ ಮುಂಚಿನ ಸೆಕ್ಷನ್ ಮತ್ತು ಬಿರುಕಿನ ನಂತರದ ಸೆಕ್ಷನ್ ನಡುವೆ ನಿಮ್ಮಲ್ಲಿ ಆರು ಪಟ್ಟು ವ್ಯತ್ಯಾಸವಿದೆ. ಕಂಬಿ ಕಡಿಮೆಯಿರುವ ಸ್ಲ್ಯಾಬುಗಳ ಸ್ವಭಾವವೇ ಅದು. ಈ ಆರು ಪಟ್ಟಿನ ಕಂದರವನ್ನು ಯಾವ ಸೇತುವೆಯಿಂದ ದಾಟುತ್ತೀರಿ ಎಂಬುದರ ಮೇಲೆ ಉತ್ತರ ನಿಂತಿರುತ್ತದೆ.

ನಿಮ್ಮದೇ ಅಂಕಿಗಳನ್ನು ಇಟ್ಟು, ಕ್ರ್ಯಾಕಿಂಗ್ ಮೊಮೆಂಟನ್ನು 13.1 ಎಂದೇ ಹಿಡಿದು, ಸೂತ್ರವನ್ನು ಮಾತ್ರ ಬದಲಾಯಿಸಿ ತಕ್ಷಣದ ಬಾಗು ನೋಡಿದೆ. ಬ್ರಾನ್ಸನ್ ಸೂತ್ರದಲ್ಲಿ ಎರಡು ಮೊಮೆಂಟುಗಳ ಅನುಪಾತವನ್ನು ಮೂರನೇ ಘಾತಕ್ಕೆ ಏರಿಸುವುದರಿಂದ 4.4 ಮಿ.ಮೀ. ಬರುತ್ತದೆ. ನಮ್ಮ ಅನುಬಂಧ ಸಿ ಸೂತ್ರದಲ್ಲಿ 11.5. ಅಮೆರಿಕದ ಕಾಂಕ್ರೀಟ್ ಸಂಹಿತೆ ಎಸಿಐ 318 ದಶಕಗಳ ಕಾಲ ಬ್ರಾನ್ಸನ್ ಸೂತ್ರವನ್ನೇ ಬಳಸಿ, 2019ರ ಆವೃತ್ತಿಯಲ್ಲಿ ಅದನ್ನು ಬಿಟ್ಟು ಬಿಷಾಫ್ ಅವರ ಸೂತ್ರಕ್ಕೆ ಬದಲಾಯಿತು. ಅದರಲ್ಲಿ ಕ್ರ್ಯಾಕಿಂಗ್ ಮೊಮೆಂಟಿನ ಮೂರನೇ ಎರಡು ಭಾಗವನ್ನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತಾರೆ. ಆ ರೂಪದಲ್ಲಿ ಇಟ್ಟರೆ 14.4. ಅದೇ ಸ್ಲ್ಯಾಬ್, ಅದೇ ಭಾರ, ಅದೇ ಕಂಬಿ, 4.4ರಿಂದ 14.4ರವರೆಗೆ. ಕಂಬಿ ಕಡಿಮೆಯಿರುವ ಸ್ಲ್ಯಾಬುಗಳ ಬಾಗನ್ನು ಬ್ರಾನ್ಸನ್ ಸೂತ್ರ ನಿಜಕ್ಕಿಂತ ಕಡಿಮೆ ತೋರಿಸುತ್ತದೆ ಎಂಬುದೇ ಆ ಬದಲಾವಣೆಗೆ ಕಾರಣ. ಹಾಗಾಗಿ ಸಾಫ್ಟ್‌ವೇರ್ ಕ್ರ್ಯಾಕ್ಡ್ ಅನಾಲಿಸಿಸ್ ಮಾಡಿದೆ ಎಂದಷ್ಟೇ ಹೇಳಿದರೆ ಏನನ್ನೂ ಹೇಳಿದಂತಾಗುವುದಿಲ್ಲ. ಯಾವ ಸೂತ್ರ, ಯಾವ ಎಳೆತದ ಬಲ ಎಂಬುದನ್ನು ಕೈಪಿಡಿ ತೆರೆದು ನೋಡಬೇಕು.

ನಮ್ಮ ಅನುಬಂಧ ಸಿಯೂ ನಿರ್ದೋಷಿಯಲ್ಲ. ಮೊಮೆಂಟ್ 13.1ಕ್ಕಿಂತ ಕೂದಲೆಳೆ ಕಡಿಮೆಯಿದ್ದರೆ ಗ್ರಾಸ್ ಸೆಕ್ಷನ್ ಪೂರ್ತಿ ಸಿಗುತ್ತದೆ, ಕೂದಲೆಳೆ ಹೆಚ್ಚಾದರೆ ಸೂತ್ರದಿಂದ ಬರುವುದು ಬಿರುಕಿನ ಸೆಕ್ಷನ್ನಿನ ಎರಡು ಪಟ್ಟು ಮಾತ್ರ. ಅಲ್ಲಿ ಮೆಟ್ಟಿಲಿಲ್ಲ, ನೇರ ಹಳ್ಳ. ನಿಜವಾದ ಸ್ಲ್ಯಾಬ್ ಹಾಗೆ ಒಂದು ಕ್ಷಣದಲ್ಲಿ ಮೂರು ಪಟ್ಟು ಮೆತ್ತಗಾಗುವುದಿಲ್ಲ. ಆದರೂ ಬಿರುಕು ಬಿಟ್ಟ ಸ್ಲ್ಯಾಬಿಗೆ ಅದು ಬ್ರಾನ್ಸನ್ ಸೂತ್ರದಷ್ಟು ಕಡಿಮೆ ತೋರಿಸುವುದಿಲ್ಲ ಎಂದು ನಾನು ಅದನ್ನು ಬಿಡುವುದಿಲ್ಲ.

ಈಗ ನಿಮ್ಮ 10 ಮಿ.ಮೀ. ಹೇಗೆ ಬಂತು ನೋಡಿ. ದೀರ್ಘಕಾಲದ ಕೇಸಿನಲ್ಲಿ ನೀವು ಹಾಕಿದ್ದು ಸ್ಥಿರ ಭಾರ 5.75 ಮಾತ್ರ, ಅದರ ಮೊಮೆಂಟ್ 11.5. ಇದು 13.1ಕ್ಕಿಂತ ಕಡಿಮೆ. ಸಾಫ್ಟ್‌ವೇರ್ ಆ ಕೇಸನ್ನು ಸೊನ್ನೆಯಿಂದ ಶುರು ಮಾಡುತ್ತದೆ. ನಿಮ್ಮ ಮೊದಲ ಕೇಸಿನಲ್ಲಿ ಇದೇ ಸ್ಲ್ಯಾಬ್ ಪೂರ್ತಿ ಭಾರಕ್ಕೆ ಬಿರುಕು ಬಿಟ್ಟಿತ್ತು ಎಂಬುದು ಅದಕ್ಕೆ ಗೊತ್ತಿಲ್ಲ. ಹಾಗಾಗಿ ಅದರ ಕಣ್ಣಿಗೆ ಸ್ಥಿರ ಭಾರದ ಸ್ಲ್ಯಾಬ್ ಇಡಿಯಾಗಿಯೇ ಉಳಿದಿದೆ. ಗ್ರಾಸ್ ಸೆಕ್ಷನ್ನಿನ 2.7 ಮಿ.ಮೀ.ಯನ್ನು 2.6ರಿಂದ (ಒಂದಕ್ಕೆ ಕ್ರೀಪ್ ಗುಣಾಂಕ 1.6 ಕೂಡಿಸಿ) ಗುಣಿಸಿದರೆ 7.1, ಅದಕ್ಕೆ ಸ್ವಲ್ಪ ಕುಗ್ಗುವಿಕೆ, ಉಳಿದ ಲೈವ್ ಲೋಡಿನ ಎರಡೂವರೆ ಮಿ.ಮೀ. ಸೇರಿದರೆ ನಿಮ್ಮ 10. ಮೊದಲ ಉತ್ತರದಲ್ಲಿ ಹುಬ್ಬಳ್ಳಿಯವರು ಬಿರುಕಿನ ಪ್ರಮಾಣವನ್ನು ಪೂರ್ತಿ ಭಾರದ್ದೇ ಇಟ್ಟುಕೊಂಡದ್ದು ಇದಕ್ಕಾಗಿ. ಒಡೆದ ಗಾಜಿನ ಮೇಲಿನ ಭಾರ ಇಳಿಸಿದರೆ ಗಾಜು ಕೂಡಿಕೊಳ್ಳುವುದಿಲ್ಲವಲ್ಲ, ಇದೂ ಅಷ್ಟೆ.

ಇದರ ಜೊತೆಗೆ ಕುಗ್ಗುವಿಕೆಯನ್ನು ಗೋಡೆಗಳು ತಡೆಯುವುದರಿಂದ ಸ್ಲ್ಯಾಬಿನೊಳಗೆ ಮೊದಲೇ ಎಳೆತ ಕೂತಿರುತ್ತದೆ. ಭಾರ ಬರುವ ಮುಂಚೆಯೇ 3.5ರಲ್ಲಿ ಒಂದು ಪಾಲು ಖರ್ಚಾಗಿರುತ್ತದೆ ಎಂದಿಟ್ಟುಕೊಳ್ಳಿ. ಸೇಫ್‌ನಲ್ಲಿ ಮಾಡ್ಯುಲಸ್ ಆಫ್ ರಪ್ಚರ್ ಅನ್ನು, ಅಂದರೆ ಈ ಎಳೆತದ ಬಲವನ್ನು, ನೀವೇ ಕೊಡಬಹುದು. 3.5ರ ಬದಲು ಅದರ ಮೂರನೇ ಎರಡು ಭಾಗ, ಸುಮಾರು 2.3 ಕೊಟ್ಟು ಮೂರೂ ಕೇಸುಗಳನ್ನು ಮತ್ತೆ ಓಡಿಸಿ, ಬಂದದ್ದನ್ನು ಇಲ್ಲಿ ಬರೆಯಿರಿ.

ಉತ್ತರ — ಸೈಟ್ ಸವೆಸಿದವ, ಶಿವಮೊಗ್ಗ

ಮೇಡಂ ಹೇಳಿದ್ದಕ್ಕೆ ಸೈಟಿನ ಕಡೆಯಿಂದ ಒಂದಿಷ್ಟು ಸೇರಿಸುತ್ತೇನೆ. ನಾನು ಡಿಸೈನ್ ಮಾಡುವವನಲ್ಲ, ಇಪ್ಪತ್ತೆರಡು ವರ್ಷ ಸೆಂಟ್ರಿಂಗ್ ಕೆಳಗೆ ಓಡಾಡಿದವನು.

ಕೆಲವು ವರ್ಷಗಳ ಹಿಂದೆ ಒಂದು ಮನೆಯಲ್ಲಿ ಹೆಚ್ಚುಕಡಿಮೆ ಇದೇ ಅಳತೆಯ ಹಾಲ್ ಇತ್ತು. ಸ್ಲ್ಯಾಬ್ ಹಾಕಿ ಎಂಟನೇ ದಿನ ಪ್ರಾಪುಗಳನ್ನು (ಕೆಳಗಿನ ಆಸರೆ ಕಂಬಗಳನ್ನು) ತೆಗೆದರು. ಐಎಸ್ 456 ಪ್ರಕಾರ 4.5 ಮೀಟರ್ ಒಳಗಿನ ಸ್ಲ್ಯಾಬಿಗೆ 7 ದಿನ ಸಾಕು, ಆದ್ದರಿಂದ ಯಾರನ್ನೂ ದೂರುವಂತಿರಲಿಲ್ಲ. ಹನ್ನೆರಡನೇ ದಿನ ಸಿಮೆಂಟ್ ಲಾರಿ ಬಂತು. ಮಳೆ ಬರುವ ಹಾಗಿತ್ತು, ಕೆಳಗೆ ಜಾಗವಿರಲಿಲ್ಲ. ಅರವತ್ತು ಮೂಟೆಗಳನ್ನು ಮೇಲೆ ಹೊತ್ತು ಹಾಲಿನ ನಡುವೆ ಎರಡು ಮೀಟರ್ ಉದ್ದಗಲದ ಜಾಗದಲ್ಲಿ ಒತ್ತಾಗಿ ಪೇರಿಸಿ ಟಾರ್ಪಾಲು ಹೊದಿಸಿದರು. ಮೂರು ಟನ್ ಭಾರ. ಚದರ ಮೀಟರಿಗೆ 7.5 ಕಿಲೋನ್ಯೂಟನ್ ಹತ್ತಿರ. ನೀವು ಹಿಡಿದಿರುವ ಲೈವ್ ಲೋಡ್ 2. ಅಂದು ರಾತ್ರಿ ಏನೂ ಆಗಲಿಲ್ಲ. ಮೂಟೆಗಳೆಲ್ಲ ಖರ್ಚಾದ ಮೇಲೆ ಒಂದು ಬೆಳಿಗ್ಗೆ ಕೆಳಗಿನಿಂದ ನೋಡಿದರೆ ನಡುಭಾಗದಲ್ಲಿ ಸ್ಪ್ಯಾನಿಗೆ ಅಡ್ಡಲಾಗಿ ನಾಲ್ಕೈದು ಕೂದಲು ಬಿರುಕು, ಒಂದೊಂದಕ್ಕೂ ಗೇಣಿನಷ್ಟು ಅಂತರ. ಕ್ಯೂರಿಂಗ್ ನೀರು ಆ ಗೆರೆಗಳಗುಂಟ ಬೆಳ್ಳಗೆ ಸುಣ್ಣದಂತೆ ಇಳಿದಿತ್ತು, ಅದರಿಂದಲೇ ಕಣ್ಣಿಗೆ ಬಿತ್ತು.

ಮನೆಗೆ ಏನೂ ಅಪಾಯವಾಗಲಿಲ್ಲ, ಇಂದಿಗೂ ನಿಂತಿದೆ. ಆದರೆ ಗೃಹಪ್ರವೇಶವಾಗಿ ಎರಡು ವರ್ಷಕ್ಕೆ ಮೇಲಿನ ಹಾಲಿನ ಜಾರುಬಾಗಿಲು ನಡುವಿನಲ್ಲಿ ಉಜ್ಜತೊಡಗಿತು, ಕೆಳಗಿನ ಅರ್ಧ ಇಟ್ಟಿಗೆಯ ಅಡ್ಡಗೋಡೆ ತಲೆಯ ಹತ್ತಿರ ಸಿಡಿಯಿತು. ದಾರ ಕಟ್ಟಿ ನೋಡಿದಾಗ ನಡುವೆ ಎರಡು ಸೆಂಟಿಮೀಟರ್ ಹತ್ತಿರ ಇಳಿದಿತ್ತು. ಡಿಸೈನ್ ಮಾಡಿದವರು ತಮ್ಮ ಕಂಪ್ಯೂಟರ್ ಹಾಳೆ ತಂದು 4 ಮಿ.ಮೀ. ಎಂದು ತೋರಿಸಿದರು. ಆ ಹಾಳೆಯಲ್ಲಿ ಸಿಮೆಂಟ್ ಮೂಟೆ ಇರಲಿಲ್ಲ.

ಇನ್ನು ದಪ್ಪ. ನೀವು 150 ಬರೆದರೂ ಸೆಂಟ್ರಿಂಗ್ ಹಲಗೆ ಒಂದೆಡೆ ಉಬ್ಬಿ, ಮೇಲೆ ಮಟ್ಟಗೋಲು ಎಳೆಯುವವ ಅವಸರ ಮಾಡಿದರೆ 140 ಆಗುವುದು ಅಪರೂಪವೇನಲ್ಲ. ಮೇಡಂ ಹೇಳುವ ಆ ಕ್ರ್ಯಾಕಿಂಗ್ ಮೊಮೆಂಟ್ ಅದಕ್ಕೆ ಎಷ್ಟು ಇಳಿಯುತ್ತದೆ ಎಂದು ಯಾರಾದರೂ ಲೆಕ್ಕ ಮಾಡಿ ಹೇಳಿ.

ಉತ್ತರ — ಕಂಬಿಲೆಕ್ಕ, ಹುಬ್ಬಳ್ಳಿ

ದಪ್ಪದ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. 140ಕ್ಕೆ 11.4. ಸ್ವಂತ ಭಾರ ತುಸು ಕಡಿಮೆಯಾಗಿ ಸ್ಥಿರ ಭಾರದ ಮೊಮೆಂಟ್ 11.0 ಆಗುತ್ತದೆ. ಅಂದರೆ ಲೈವ್ ಲೋಡ್ ಪೂರ್ತಿ ಬರುವ ಮೊದಲೇ, ದಿನನಿತ್ಯದ ಭಾರಕ್ಕೇ ಸ್ಲ್ಯಾಬ್ ಬಿರುಕಿನ ಅಂಚಿನಲ್ಲಿ ನಿಂತಿರುತ್ತದೆ. ಒಳ್ಳೆಯ ಮಾತು ನೆನಪಿಸಿದಿರಿ.

ಪ್ರಾಪಿನ ವಿಷಯಕ್ಕೂ ಒಂದು ಅಂಕಿ ಇದೆ. 7 ದಿನಕ್ಕೇ ಭಾರ ಬಿದ್ದರೆ ಕ್ರೀಪ್ ಗುಣಾಂಕ 1.6 ಅಲ್ಲ, 2.2. ಅದನ್ನು ಇಟ್ಟು ಮಾಡಿದರೆ ಕ್ರೀಪಿನ ಪಾಲು 4.3ರಿಂದ 5.7ಕ್ಕೆ ಏರುತ್ತದೆ. ಒಂದೂವರೆ ಮಿ.ಮೀ. ದೊಡ್ಡದೇನಲ್ಲ. ಎಳೆಯ ಕಾಂಕ್ರೀಟಿನ ಎಳೆತದ ಬಲ ಇನ್ನೂ ಬಲಿತಿರುವುದಿಲ್ಲ ಎಂಬುದು ಅದಕ್ಕಿಂತ ದೊಡ್ಡ ವಿಷಯ. ಮೂಟೆ ಪೇರಿಸಿದ ದಿನವೇ ಆ ಸ್ಲ್ಯಾಬಿನ ಬಾಗು ನಿರ್ಧಾರವಾಗಿಹೋಗಿತ್ತು.

ಉತ್ತರ — ತುಮಕೂರಿನ ಹೊಸಬ

ಮೇಡಂ, ನೀವು ಹೇಳಿದಂತೆ 2.3 ಕೊಟ್ಟು ಓಡಿಸಿದೆ. ಅಲ್ಪಕಾಲದ್ದೇ 12ರ ಮೇಲೆ ಹೋಯಿತು, ದೀರ್ಘಕಾಲದ ಒಟ್ಟು ಮೊತ್ತ 16ರ ಗೆರೆಯನ್ನು ಸಲೀಸಾಗಿ ದಾಟಿತು. ಒಂದೇ ಒಂದು ಬೆಲೆ ಬದಲಾಯಿಸಿದ್ದಕ್ಕೆ ಇಷ್ಟು. ಇನ್ನು 150ರ ಪರವಾಗಿ ವಾದಿಸುವ ಆಸೆ ನನಗಿಲ್ಲ.

175 ಮಿ.ಮೀ. ಮಾಡಿದರೆ ಹೇಗೆ ಎಂದು ನಾನೇ ಕೈಯಲ್ಲಿ ಲೆಕ್ಕ ಮಾಡಿದ್ದೇನೆ, ದಯವಿಟ್ಟು ನೋಡಿ. ಒಟ್ಟು ಭಾರ 7.875, ಮೊಮೆಂಟ್ 15.75, ಕ್ರ್ಯಾಕಿಂಗ್ ಮೊಮೆಂಟ್ 17.9. ಕಂಬಿ ಅದೇ 10 ಮಿ.ಮೀ. 150 ಅಂತರ ಇಟ್ಟರೆ ಶೇಕಡ 0.35, ತಿದ್ದುಪಡಿ ಗುಣಾಂಕ ಸುಮಾರು 1.6, ಅನುಮತಿ 32, ನಮ್ಮ ಅನುಪಾತ 26.7. 23.2.1 ಪಾಸಾಗುತ್ತದೆ. ಬಿರುಕು ಬಿಡುವುದಿಲ್ಲವಾದ್ದರಿಂದ ಅನುಬಂಧ ಸಿ ಪ್ರಕಾರ ತಕ್ಷಣದ ಬಾಗು 2.35 ಮಿ.ಮೀ. ಬರುತ್ತದೆ. 25 ಮಿ.ಮೀ. ದಪ್ಪ ಹೆಚ್ಚಿಸಿದ್ದಕ್ಕೆ 11.5ರಿಂದ 2.35ಕ್ಕೆ ಇಳಿಯುವುದು ನಂಬಲು ಕಷ್ಟವಾಗುತ್ತಿದೆ. ಎಲ್ಲಿಯಾದರೂ ತಪ್ಪಿದ್ದೇನೆಯೇ?

ಉತ್ತರ — ಪಾಠದ ಮೇಡಂ, ದಾವಣಗೆರೆ

ಗುಣಾಕಾರದಲ್ಲಿ ತಪ್ಪಿಲ್ಲ. ನಂಬಲು ಕಷ್ಟವಾಗುತ್ತಿರುವುದು ಸರಿಯಾದ ಲಕ್ಷಣ. ನಾನು ಹೇಳಿದ ಆ ಹಳ್ಳದ ಇನ್ನೊಂದು ದಡಕ್ಕೆ ನೀವು ಈಗ ಹಾರಿದ್ದೀರಿ, ಅಷ್ಟೆ. 2.35 ಎಂದು ವರದಿಯಲ್ಲಿ ಬರೆಯಬೇಡಿ. ಶಿವಮೊಗ್ಗದವರು ಹೇಳಿದಂತೆ ಕಟ್ಟುವಾಗಲೇ ಬಿರುಕು ಬಿಟ್ಟಿತು ಎಂದುಕೊಂಡು, ಕ್ರ್ಯಾಕಿಂಗ್ ಮೊಮೆಂಟಿನ ಮಟ್ಟದಲ್ಲಿ ಸೂತ್ರ ಕೊಡುವ ಎಫೆಕ್ಟಿವ್ ಬೆಲೆಯನ್ನೇ ಬಳಸಿ ನೋಡಿ. 175ಕ್ಕೆ ಅದು ಸುಮಾರು 14.9 ಕೋಟಿ, ತಕ್ಷಣದ ಬಾಗು 7 ಮಿ.ಮೀ. ಆಗುತ್ತದೆ. ಕ್ರೀಪ್ ಮತ್ತು ಕುಗ್ಗುವಿಕೆ ಸೇರಿದರೂ 16ರ ಒಳಗೆ ಆರಾಮವಾಗಿ ಉಳಿಯುತ್ತದೆ. ಕೆಟ್ಟ ದಿನದಲ್ಲೂ ಪಾಸಾಗುವ ಸ್ಲ್ಯಾಬ್ ಬೇಕು. 175 ಅಂಥದ್ದು, 150 ಅಲ್ಲ.

ವರದಿಯಲ್ಲಿ ಎರಡೂ ಅಂಕಿಗಳನ್ನು, ಯಾವ ಊಹೆಗೆ ಯಾವುದು ಎಂದು ಬರೆದು ಕೊಡಿ. ನಿಮ್ಮ ಪರಿಶೀಲಕರು ಖುಷಿಪಡುತ್ತಾರೆ.

ಉತ್ತರ — ತುಮಕೂರಿನ ಹೊಸಬ

ಹಾಗೆಯೇ ಮಾಡಿದೆ ಮೇಡಂ. 175ಕ್ಕೆ ಒಪ್ಪಿಗೆ ಸಿಕ್ಕಿದೆ. ಪರಿಶೀಲಕರು ಷರಾದ ಕೆಳಗೆ ಮತ್ತೊಂದು ಸಾಲು ಸೇರಿಸಿದ್ದಾರೆ: "14 ದಿನಕ್ಕೆ ಮುಂಚೆ ಪ್ರಾಪ್ ತೆಗೆಯಬಾರದು." 7 ದಿನ ಸಾಕಲ್ಲವೇ ಎಂದು ಮೇಸ್ತ್ರಿ ಈಗಾಗಲೇ ಎರಡು ಸಲ ಫೋನ್ ಮಾಡಿದ್ದಾರೆ. ಕಚೇರಿಯ 28ರ ರೂಢಿಯ ಬಗ್ಗೆ ನಮ್ಮ ಸಾಹೇಬರಿಗೆ ಹೇಗೆ ಹೇಳುವುದೆಂದು ಇನ್ನೂ ತಿಳಿದಿಲ್ಲ.

ಉತ್ತರ — ಸೈಟ್ ಸವೆಸಿದವ, ಶಿವಮೊಗ್ಗ

ಸಾಹೇಬರಿಗೆ ಪುಸ್ತಕ ತೆರೆದು 24.1ರ ಪುಟವನ್ನು ಮೇಜಿನ ಮೇಲೆ ಇಟ್ಟು ಬನ್ನಿ, ಮಾತಾಡಬೇಕಾಗಿಲ್ಲ. ಮೇಸ್ತ್ರಿಗೆ ಹೇಳಿ, 14 ದಿನವಾದ ಮೇಲೆ ನಡುವಿನ ಪ್ರಾಪ್ ಮೊದಲು ಸಡಿಲಿಸಿ ಎರಡು ಗೋಡೆಗಳ ಕಡೆಗೆ ಬರಲಿ. ತೆಗೆಯುವ ಮುಂಚೆ ಗೋಡೆಯ ಎರಡೂ ಅಂಚಿನಲ್ಲಿ ಮತ್ತು ನಟ್ಟನಡುವೆ ಟ್ಯೂಬ್ ಲೆವೆಲ್ ಹಿಡಿದು ಗುರುತು ಮಾಡಿಸಿ, ತೆಗೆದ ಮರುದಿನ ಮತ್ತೆ ಹಿಡಿಯಿರಿ, ಒಂದು ವರ್ಷದ ಮೇಲೆ ಸಾಧ್ಯವಾದರೆ ಇನ್ನೊಮ್ಮೆ. ಎಷ್ಟು ಇಳಿಯಿತೆಂದು ಇಲ್ಲಿ ಬರೆದರೆ ನಿಮ್ಮ 2.35 ಹತ್ತಿರವೋ ಮೇಡಂ ಅವರ 7 ಹತ್ತಿರವೋ ಎಂದು ನಾವೂ ನೋಡುತ್ತೇವೆ. ಮೂಟೆಗಳನ್ನು ಮಾತ್ರ ಗೋಡೆಯ ಪಕ್ಕದಲ್ಲಿ ಇಡಿಸಿ.